ಐಡಲ್ ಸ್ಕ್ರೂವಿನ ಮೇಲೊಂದು ಚುಕ್ಕೆ

ನಿಂತ ಗಾಡಿಯ ಇಂಜಿನ್ ಎಷ್ಟು ಸದ್ದು ಮಾಡಬೇಕು ಎಂದು ಕಿವಿಗೊಟ್ಟು ಕೇಳುವುದಕ್ಕೇ ಮೂವತ್ತನಾಲ್ಕು ವರ್ಷ ಸಂಬಳ ತೆಗೆದುಕೊಂಡವನು ನಾನು. ಹುಟ್ಟಿದ್ದು ತಿಪಟೂರು, ಐಟಿಐ ಓದಿದ್ದು ಮೈಸೂರು. ಕೇಂದ್ರ ಸರ್ಕಾರದ ಒಂದು ಇಲಾಖೆಯ ವಾಹನಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿದ್ದು ಕೇರಳದಲ್ಲಿ. ಮೊದಲು ತಿರುವನಂತಪುರದ ಸಣ್ಣ ಶೆಡ್ಡು, ಆಮೇಲೆ ಕೊಚ್ಚಿಯ ಕಳಮಶ್ಶೇರಿಯಲ್ಲಿದ್ದ ದೊಡ್ಡ ವರ್ಕ್‌ಶಾಪು. ನಿವೃತ್ತಿಯಾಗಿ ಆರು ವರ್ಷವಾಯಿತು, ಊರಿಗೆ ಹೋಗಲಿಲ್ಲ, ಕಳಮಶ್ಶೇರಿಯಲ್ಲೇ ಉಳಿದೆವು. ಬಸ್ ಸ್ಟಾಪಿನಲ್ಲಿ ನಿಂತರೆ ಈಗಲೂ ಬಸ್ಸಿನ ಬೋರ್ಡು ಓದುವ ಮೊದಲು ಅದರ ಇಂಜಿನ್ ಕೇಳಿಸಿಕೊಳ್ಳುತ್ತೇನೆ. ಹೀಗೆ ಕೇಳುತ್ತಾ ನಿಂತು ಎರಡು ಸಲ ಬಸ್ಸನ್ನೇ ತಪ್ಪಿಸಿಕೊಂಡಿದ್ದೇನೆ ಎಂದು ನನ್ನ ಹೆಂಡತಿ ಸುಜಾತಾ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ.

ಇದನ್ನು ಬರೆಯಲು ಕಾರಣ, ನಮ್ಮ ಇಲಾಖೆಗೆ ಈಚೆಗೆ ಕರ್ನಾಟಕದಿಂದ ಕೆಲವರು ಹೊಸದಾಗಿ ಸೇರಿದ್ದಾರೆ. ಭಾನುವಾರ ನಮ್ಮ ಮನೆಗೆ ಮುದ್ದೆ, ಸೊಪ್ಪಿನ ಸಾರು ಎಂದು ಬರುತ್ತಾರೆ. ಊಟ ಮುಗಿಸಿ ಕೇಳುವುದು ಒಂದೇ ಪ್ರಶ್ನೆ, ಬಡ್ತಿಗೆ ಯಾವ ಪರೀಕ್ಷೆ ಬರೆಯಬೇಕು ಅಂತ. ಬಡ್ತಿ ನನಗೂ ಬಂತು, ತೆಗೆದುಕೊಂಡೆ. ಅದರ ಬಗ್ಗೆ ಹೇಳುವುದಕ್ಕೆ ಅಷ್ಟೇ ಇದೆ. ನನಗೆ ನೆನಪಿರುವುದು ನಾನು ಕೆಡಿಸಿದ ಕೆಲಸಗಳು. ಪುಸ್ತಕದಲ್ಲಿ ಸಿಗದ ಪಾಠ ಅವುಗಳಲ್ಲೇ ಇರುವುದರಿಂದ ಅವನ್ನೇ ಬರೆಯುತ್ತೇನೆ.

ತಿರುವನಂತಪುರಕ್ಕೆ ಬಂದ ಹೊಸತರಲ್ಲಿ ನಾನು ತಂಪಾನೂರಿನ ಒಂದು ಲಾಡ್ಜಿನಲ್ಲಿದ್ದೆ. ಮಲಯಾಳಂ ಒಂದಕ್ಷರ ಬರುತ್ತಿರಲಿಲ್ಲ. ಶೆಡ್ಡಿನ ಹಿರಿಯ ಮೆಕ್ಯಾನಿಕ್ ತಂಗಪ್ಪನ್. ಎಲ್ಲರೂ ಅವರನ್ನು ಆಶಾನ್ ಎನ್ನುತ್ತಿದ್ದರು, ಅಂದರೆ ಗುರುಗಳು. ಮೂರು ತಿಂಗಳು ಆಶಾನ್ ನನಗೆ ಸ್ಕ್ರೂ ಡ್ರೈವರ್ ಮುಟ್ಟಲು ಬಿಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ತಮ್ಮ ಕಟ್ಟನ್ ಚಾಯದ ಗ್ಲಾಸನ್ನು ಏರ್ ಕ್ಲೀನರ್ ಮೇಲೆ ಇಡುತ್ತಿದ್ದರು. ಹಾಲಿಲ್ಲದ ಆ ಚಹಾದ ಮೇಲೆ ಎಷ್ಟು ಅಲೆ ಏಳುತ್ತದೆ ನೋಡು ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಇಂಜಿನ್ ಸರಿಯಾಗಿ ನಿಂತಿದ್ದರೆ ಅಂಚಿನಲ್ಲಿ ಮಾತ್ರ ಸಣ್ಣ ನಡುಕ. ಸ್ಲೋ ಜಾಸ್ತಿಯಾಗಿದ್ದರೆ ಚಹಾ ತುಳುಕಿ ಅವರ ಬನಿಯನ್ನಿಗೆ ಬೀಳುತ್ತಿತ್ತು. ಅವರ ಬನಿಯನ್ನು ನೋಡಿಯೇ ಆ ದಿನ ಎಂಥ ಗಾಡಿಗಳು ಬಂದಿದ್ದವು ಎಂದು ಹೇಳಬಹುದಿತ್ತು.

ಸ್ಲೋ ಎಂದರೆ, ಕಾಲು ಪೆಡಲಿನ ಮೇಲೆ ಇಲ್ಲದಿದ್ದಾಗ ಇಂಜಿನ್ ತಾನಾಗಿ ತಿರುಗುವ ವೇಗ. ಕಾಗದದಲ್ಲಿ ಐಡಲ್ ಎಂದು ಬರೆಯುತ್ತೇವೆ. ಆಗಿನ ಗಾಡಿಗಳಲ್ಲಿ ಕಾರ್ಬುರೇಟರಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಕಾಲು ತೆಗೆದಾಗ ಥ್ರಾಟಲ್‌ನ ಸಣ್ಣ ಲಿವರ್ ಹಿಂದೆ ಬಂದು ಆ ಸ್ಕ್ರೂವಿನ ತುದಿಗೆ ಒರಗಿ ನಿಲ್ಲಬೇಕು. ಸ್ಕ್ರೂ ಒಳಗೆ ತಿರುಗಿಸಿದರೆ ವೇಗ ಹೆಚ್ಚು, ಹೊರಗೆ ತಿರುಗಿಸಿದರೆ ಕಡಿಮೆ.

ಆಶಾನ್ ಶೆಡ್ಡಿನಲ್ಲಿ ಒಂದು ಪದ್ಧತಿ ಮಾಡಿಟ್ಟಿದ್ದರು. ಸ್ಕ್ರೂ ಕೂರಿಸಿದ ಮೇಲೆ, ಅರ್ಧ ಅದರ ತಲೆಯ ಮೇಲೂ ಅರ್ಧ ಪಕ್ಕದ ಲೋಹದ ಮೇಲೂ ಬೀಳುವಂತೆ ಬಣ್ಣದ ಒಂದು ಚುಕ್ಕೆ ಇಡಬೇಕು. ಯಾರಾದರೂ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ. ಒಬ್ಬೊಬ್ಬ ಮೆಕ್ಯಾನಿಕ್‌ಗೆ ಒಂದೊಂದು ಬಣ್ಣ. ಚುಕ್ಕೆ ಇಟ್ಟವನೇ ಆ ಗಾಡಿಗೆ ಉತ್ತರ ಕೊಡಬೇಕು, ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಪೇಂಟು ಬೇಗ ಉದುರುತ್ತಿತ್ತೆಂದು ನಾವೆಲ್ಲ ಉಗುರು ಬಣ್ಣಕ್ಕೆ ಇಳಿದೆವು. ಮದುವೆಯಾದ ಹೊಸತರಲ್ಲಿ ಸುಜಾತಾಳ ಕುಂಕುಮ ಬಣ್ಣದ ಶೀಶೆ ಕಾಣೆಯಾಗಿ, ಅದು ನನ್ನ ಟೂಲ್ ಬಾಕ್ಸಿನಲ್ಲಿ ಸಿಕ್ಕಿ ದೊಡ್ಡ ರಾದ್ಧಾಂತವಾಯಿತು. ಆಮೇಲೆ ಅವಳೇ ಎರಡು ಶೀಶೆ ತರತೊಡಗಿದಳು. ಅಂತೂ ದಕ್ಷಿಣ ಕೇರಳದ ಇಲಾಖೆ ಗಾಡಿಗಳ ಹಣೆಯ ಮೇಲೆಲ್ಲ ನನ್ನ ಹೆಂಡತಿಯ ಕುಂಕುಮ ಇತ್ತು ಎನ್ನಬಹುದು.

ಮೊದಲ ವರ್ಷವೇ ಒಂದು ಜೀಪಿನ ಕಾರ್ಬುರೇಟರ್ ಬಿಚ್ಚಿ, ಧೂಳು ಬೀಳದಿರಲೆಂದು ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ, ಬಟ್ಟೆ ತೆಗೆಯದೇ ಮತ್ತೆ ಕೂರಿಸಿಬಿಟ್ಟಿದ್ದೆ. ಎಷ್ಟು ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸರಿಯಿಲ್ಲ ಎಂದೆ, ಪ್ಲಗ್ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಆಶಾನ್ ಬಂದು ನನ್ನ ಹೆಗಲು ನೋಡಿ, ಬೆಳಿಗ್ಗೆ ಅಲ್ಲಿದ್ದ ತೋರ್ತು ಎಲ್ಲಿ ಎಂದು ಕೇಳಿದರು. ಅಷ್ಟೇ. ಬೈಯಲಿಲ್ಲ. ಆ ಒದ್ದೆ ಟವೆಲನ್ನು ಇಂಜಿನ್ನಿನಿಂದ ಎಳೆದು ತೆಗೆದು ನನ್ನ ಹೆಗಲಿಗೇ ಹಾಕಿದರು. ದಿನವಿಡೀ ಪೆಟ್ರೋಲು ನಾರುತ್ತಾ ಓಡಾಡಿದೆ.

ಅವರು ಒಂದು ಮಾತು ಪದೇ ಪದೇ ಹೇಳುತ್ತಿದ್ದರು. ಬಾನೆಟ್ ತೆಗೆಯುವ ಮೊದಲು ಡ್ರೈವರನ ಬಾಯಿ ತೆಗೆಸು. ಅವನು ದಿನಕ್ಕೆ ಹತ್ತು ಗಂಟೆ ಅದರ ಮೇಲೆ ಕೂತಿರುತ್ತಾನೆ, ನೀನು ಹತ್ತು ನಿಮಿಷ ನೋಡುತ್ತೀಯ ಎಂದು. ನನಗೆ ಮಲಯಾಳಂ ಬಂದ ಮೇಲೆ ಆ ಮಾತು ಅರ್ಥವಾಯಿತು. ಪಾಲಿಸುವುದಕ್ಕೆ ಮಾತ್ರ ಇನ್ನೂ ಬಹಳ ವರ್ಷ ಹಿಡಿಯಿತು.

ಕಳಮಶ್ಶೇರಿಗೆ ವರ್ಗವಾಗಿ ಬಂದಾಗ ಅಲ್ಲಿ ಎಲ್ಲ ಶಿಸ್ತು. ನೆಲದ ಮೇಲೆ ಒಂದು ಹಳದಿ ಗೆರೆ ಎಳೆದಿದ್ದರು. ಡ್ರೈವರುಗಳು ಗೆರೆಯ ಆಚೆ, ಮೆಕ್ಯಾನಿಕ್‌ಗಳು ಈಚೆ. ಗಾಡಿಗೆ ಏನಾಗಿದೆ ಎಂಬುದನ್ನು ಡ್ರೈವರು ಸೆಕ್ಷನ್ನಿನ ಗುಮಾಸ್ತರಿಗೆ ಮಲಯಾಳಂನಲ್ಲಿ ಹೇಳಬೇಕು, ಗುಮಾಸ್ತರು ಅದನ್ನು ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು, ಇಂಜಿನಿಯರ್ ಸಾಹೇಬರು ಸಹಿ ಮಾಡಿದ ಮೇಲೆ ಅದು ನನ್ನ ಕೈಗೆ ಬರಬೇಕು. ಸಾಹೇಬರು ಕೆಟ್ಟವರಲ್ಲ. ಮಳೆಗಾಲದಲ್ಲಿ ನಮಗೆಲ್ಲ ಗಮ್ ಬೂಟು ಕೊಡಿಸಿದವರು ಅವರೇ. ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ್ದರು. ಆ ಗೆರೆ ನನಗೂ ಹಿತವಾಗಿಯೇ ಇತ್ತು. ಡ್ರೈವರುಗಳ ಕಿರಿಕಿರಿ ಇಲ್ಲದೆ ಕೆಲಸ ಚೆನ್ನಾಗಿ ಸಾಗುತ್ತಿತ್ತು.

ಈಗ ಪಿಕಪ್ಪಿನ ವಿಷಯಕ್ಕೆ ಬರುತ್ತೇನೆ. ಬಿಳಿ ಬಣ್ಣದ ಪೆಟ್ರೋಲ್ ಪಿಕಪ್, ಹಿಂದೆ ತಣ್ಣನೆಯ ಪೆಟ್ಟಿಗೆ. ಕೊಚ್ಚಿಗೆ ವಿಮಾನದಲ್ಲಿ ಬಂದ ಲಸಿಕೆಗಳನ್ನು ತಿರುವನಂತಪುರದ ದಾಸ್ತಾನು ಕೊಠಡಿಗೆ ಒಯ್ಯುವ ಗಾಡಿ. ಪೆಟ್ಟಿಗೆಯ ಕೂಲರ್ ತಿರುಗುತ್ತಿದ್ದುದು ಇಂಜಿನ್ನಿನ ಬೆಲ್ಟಿನಿಂದಲೇ. ಅದನ್ನು ಓಡಿಸುತ್ತಿದ್ದವರು ಸುಕುಮಾರನ್. ನನಗಿಂತ ನಾಲ್ಕು ವರ್ಷ ದೊಡ್ಡವರು, ಕಡಿಮೆ ಮಾತಿನವರು. ಹಿರಿಯರನ್ನು ಚೇಟ್ಟಾ, ಅಂದರೆ ಅಣ್ಣಾ, ಎನ್ನುವುದು ಅಲ್ಲಿಯ ರೂಢಿಯಾದರೂ ನಾನು ಮೆಕ್ಯಾನಿಕ್, ಅವರು ಡ್ರೈವರ್ ಎಂಬ ಗತ್ತಿನಲ್ಲಿ ಬರೀ ಹೆಸರು ಹಿಡಿದೇ ಕರೆಯುತ್ತಿದ್ದೆ. ಅವರು ನನ್ನನ್ನು ಸಾರೇ ಎನ್ನುತ್ತಿದ್ದರು.

ಒಂದು ದಿನ ಆ ಪಿಕಪ್ ವಾರ್ಷಿಕ ತಪಾಸಣೆಗೆ ಬಂತು. ನಿಂತಲ್ಲೇ ಇಂಜಿನ್ ಭರ್ರೆನ್ನುತ್ತಿತ್ತು. ಸಾಹೇಬರೇ ಕೇಳಿಸಿಕೊಂಡು, ಸ್ಲೋ ಜಾಸ್ತಿ ಇದೆ, ಸರಿಪಡಿಸಿ ಎಂದು ಜಾಬ್ ಕಾರ್ಡಿನಲ್ಲಿ ಬರೆದರು. ನಾನು ಮೊದಲು ನೋಡಿದ್ದು ಐಡಲ್ ಸ್ಕ್ರೂ. ಅದರ ಮೇಲೆ ಹಿಂದಿನ ತಪಾಸಣೆಯಲ್ಲಿ ನಾನೇ ಇಟ್ಟ ಕುಂಕುಮ ಚುಕ್ಕೆ, ಒಂದು ಗೀರೂ ಇಲ್ಲದೆ ಇಡಿಯಾಗಿತ್ತು. ಚುಕ್ಕೆ ಇಡಿಯಾಗಿದೆ ಎಂದರೆ ಆ ಕಡೆ ನೋಡುವ ಅಗತ್ಯವೇ ಇಲ್ಲ ಎಂದುಕೊಂಡೆ. ಆ ಚುಕ್ಕೆಯ ನಂಬಿಕೆಯಲ್ಲಿ ಎರಡೂವರೆ ದಿನ ಹಾಳಾಯಿತು. ಆಕ್ಸಿಲರೇಟರ್ ಕೇಬಲ್ ಬದಲಿಸಿದೆ. ಚೋಕ್ ನೋಡಿದೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ ಸುತ್ತ ಎಣ್ಣೆ ಹನಿಸಿ, ಗಾಳಿ ಎಳೆಯುತ್ತಿದೆಯೇ ಎಂದು ಕಿವಿಯಿಟ್ಟೆ. ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಬೆರಳಲ್ಲಿ ಹಿಸುಕಿ ನೋಡಿದೆ. ಗ್ಯಾಸ್ಕೆಟನ್ನೂ ಹೊಸದು ಹಾಕಿದೆ. ಇಂಜಿನ್ ಜಗ್ಗಲಿಲ್ಲ.

ಮೂರನೇ ದಿನ ಮಧ್ಯಾಹ್ನ ಕೈ ಜಾರಿ ಸ್ಪ್ಯಾನರ್ ಕೆಳಗೆ ಬಿತ್ತು. ಅದನ್ನು ತೆಗೆಯಲು ಬಗ್ಗಿದಾಗ, ಸ್ಕ್ರೂವಿನ ತುದಿಗೂ ಥ್ರಾಟಲ್ ಲಿವರಿಗೂ ನಡುವೆ ಏನೋ ಕಪ್ಪಗೆ ಕಂಡಿತು. ಹವಾಯಿ ಚಪ್ಪಲಿಯಿಂದ ಬ್ಲೇಡಿನಲ್ಲಿ ಕೊಯ್ದ ರಬ್ಬರಿನ ತೆಳು ಚೂರು. ಅದು ನಡುವೆ ಕೂತಿದ್ದರಿಂದ ಲಿವರ್ ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕಥೆ.

ಆ ಅವಮಾನಕ್ಕೆ ಕೋಪ ಬಂತು. ಚೂರನ್ನು ಕಿತ್ತು ಎತ್ತಿ ಹಿಡಿದು, ಹಳದಿ ಗೆರೆಯ ಆಚೆ ನಿಂತಿದ್ದ ಸುಕುಮಾರನ್ ಅವರನ್ನು ಎಲ್ಲರೆದುರಿಗೆ ಬೈದೆ. ಅವರು "ಸಾರೇ, ಅದು..." ಎಂದು ಬಾಯಿ ತೆಗೆದರು. ನಾನು ಮುಗಿಸಲು ಬಿಡಲಿಲ್ಲ. ಇನ್ನೊಂದು ಸಲ ಬಾನೆಟ್ಟಿನ ಒಳಗೆ ಕೈ ಹಾಕಿದರೆ ಮೇಲಕ್ಕೆ ಬರೆದು ಕಳಿಸುತ್ತೇನೆ ಎಂದೆ. ಚೂರನ್ನು ಕಸದ ಡಬ್ಬಿಗೆ ಎಸೆದೆ. ಇಂಜಿನ್ ಈಗ ಎಷ್ಟು ಸೊಗಸಾಗಿ ನಿಂತಿತ್ತೆಂದರೆ ಆಶಾನ್ ಅವರ ಚಹಾದ ಗ್ಲಾಸು ಇದ್ದಿದ್ದರೆ ಅಂಚೂ ನಡುಗುತ್ತಿರಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ಪೆಟ್ಟಿಗೆ ಖಾಲಿ ಇದ್ದುದರಿಂದ ಕೂಲರ್ ಹಾಕಿ ನೋಡುವುದು ನನಗೆ ಹೊಳೆಯಲೇ ಇಲ್ಲ.

ನಾಲ್ಕು ದಿನ ಕಳೆದು ಸುಕುಮಾರನ್ ಲಸಿಕೆ ತುಂಬಿಕೊಂಡು ತಿರುವನಂತಪುರಕ್ಕೆ ಹೊರಟರು. ಹರಿಪಾಡಿನ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿಕೊಂಡು, ಹಿಂದಕ್ಕೂ ಮುಂದಕ್ಕೂ ಹೋಗಲಾಗದೆ ನಡು ಮಧ್ಯಾಹ್ನ ನಾಲ್ಕು ಗಂಟೆ ನಿಲ್ಲಬೇಕಾಯಿತು. ನಿಂತ ಇಂಜಿನ್ನಿನ ನಿಧಾನದಲ್ಲಿ ಕೂಲರಿಗೆ ಬಲ ಸಾಲಲಿಲ್ಲ. ಪೆಟ್ಟಿಗೆಯ ಥರ್ಮಾಮೀಟರ್ ಏರತೊಡಗಿತು. ಸುಕುಮಾರನ್ ಆಕ್ಸಿಲರೇಟರ್ ಒತ್ತಿ ಹಿಡಿದು ಕೂತರು. ಎರಡು ಗಂಟೆಗೂ ಹೆಚ್ಚು ಹೊತ್ತು ಹಾಗೇ ಕೂತಿದ್ದರು. ಕಾಲಿನ ಹಿಡಿತ ರಬ್ಬರಿನ ಹಾಗೆ ಒಂದೇ ಸಮ ಇರುವುದಿಲ್ಲವಲ್ಲ, ಇಂಜಿನ್ ಕಾದು ನೀರು ಕುದಿಯಿತು, ನಿಲ್ಲಿಸಲೇಬೇಕಾಯಿತು. ತಿರುವನಂತಪುರ ತಲುಪುವಷ್ಟರಲ್ಲಿ ಲಸಿಕೆ ಕೆಟ್ಟಿತ್ತು. ಅಷ್ಟನ್ನೂ ಹೊರಗೆ ಹಾಕಿದರು.

ವಿಚಾರಣೆ ಬಂತು. ಗಾಡಿ ಸರಿಯಾಗಿತ್ತೇ ಎಂದು ವರ್ಕ್‌ಶಾಪಿಗೆ ಕೇಳಿದರು. ನಾನು ಮೂರು ವಾಕ್ಯ ಬರೆದುಕೊಟ್ಟೆ. ಗಾಡಿಯನ್ನು ಪರೀಕ್ಷಿಸಿ ಸುಸ್ಥಿತಿಯಲ್ಲಿ ಕಳುಹಿಸಲಾಗಿತ್ತು. ಇದಕ್ಕೆ ಮೊದಲು ಚಾಲಕರು ಥ್ರಾಟಲಿನಲ್ಲಿ ಅನಧಿಕೃತವಾಗಿ ಕೈಯಾಡಿಸಿದ್ದು ಕಂಡುಬಂದಿತ್ತು. ಅದನ್ನು ಸರಿಪಡಿಸಿ ಎಚ್ಚರಿಕೆ ನೀಡಲಾಗಿತ್ತು. ಒಂದಕ್ಷರವೂ ಸುಳ್ಳಲ್ಲ. ಸುಕುಮಾರನ್ ಕೊಟ್ಟ ಹೇಳಿಕೆಯೂ ಆ ಫೈಲಿನಲ್ಲಿ ನನ್ನ ಕೈಗೆ ಬಂದಿತ್ತು. ಬಾನೆಟ್ ಮುಟ್ಟಬಾರದೆಂದು ವರ್ಕ್‌ಶಾಪಿನವರು ಹೇಳಿದ್ದರು, ಮುಟ್ಟಲಿಲ್ಲ ಎಂದಷ್ಟೇ ಇತ್ತು ಅದರಲ್ಲಿ. ಓದಿದೆ. ಮುಂದಿನ ಮೇಜಿಗೆ ಕಳಿಸಿದೆ.

ಅವರನ್ನು ಗಾಡಿಯಿಂದ ಇಳಿಸಿ ವರ್ಕ್‌ಶಾಪಿನ ಗೇಟಿನಲ್ಲಿ ಕೂರಿಸಿದರು. ಬರುವ ಹೋಗುವ ಗಾಡಿಗಳ ನಂಬರು ಬರೆದುಕೊಳ್ಳುವ ಕೆಲಸ. ಸ್ಟೀರಿಂಗ್ ಹಿಡಿದವನಿಗೆ ಅದಕ್ಕಿಂತ ಶಿಕ್ಷೆಯಿಲ್ಲ. ದಿನಾ ಬೆಳಿಗ್ಗೆ ನನ್ನ ಸ್ಕೂಟರ್ ಒಳಗೆ ಹೋಗುವಾಗ ಎದ್ದು ನಿಂತು ಗುಡ್ ಮಾರ್ನಿಂಗ್ ಸಾರೇ ಎನ್ನುತ್ತಿದ್ದರು. ಆ ಗುಡ್ ಮಾರ್ನಿಂಗಿನಲ್ಲಿ ಒಂದು ಚೂರು ಕೊಂಕು ಇದ್ದಿದ್ದರೂ ನನಗೆ ಅನುಕೂಲವಾಗುತ್ತಿತ್ತು. ಇರಲಿಲ್ಲ.

ಎಂಟು ತಿಂಗಳಾದ ಮೇಲೆ ಅದೇ ಪಿಕಪ್ ಮತ್ತೆ ನನ್ನ ಕೈಗೆ ಬಂತು. ಹೊಸ ಡ್ರೈವರನೊಬ್ಬ ಕೂಲರ್ ಆನ್ ಮಾಡಿಯೇ ತಂದು ನಿಲ್ಲಿಸಿದ್ದ. ಇಂಜಿನ್ ದಮ್ಮು ಕಟ್ಟಿದವರ ಹಾಗೆ ಗುಕ್ಕು ಗುಕ್ಕೆಂದು ಆರಿಹೋಯಿತು. ಕೂಲರ್ ಓಡುವಾಗ ಇಂಜಿನ್ನಿನ ವೇಗವನ್ನು ತಾನಾಗಿ ಸ್ವಲ್ಪ ಏರಿಸಲು ಕಂಪನಿಯವರೇ ಒಂದು ಸಣ್ಣ ಡಯಾಫ್ರಮ್ ಇಟ್ಟಿರುತ್ತಾರೆ. ಬಿಚ್ಚಿ ನೋಡಿದೆ. ಅದರ ರಬ್ಬರು ಹರಿದಿತ್ತು. ಹರಿದು ಬಹಳ ದಿನವಾಗಿತ್ತು, ಅಂಚುಗಳೆಲ್ಲ ಗಟ್ಟಿಯಾಗಿದ್ದವು.

ನನಗೆ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಯಿತು. ಡಯಾಫ್ರಮ್ ಕೆಟ್ಟಿದ್ದು ಸುಕುಮಾರನ್‌ಗೆ ಗೊತ್ತಿರಲಿಲ್ಲ. ನಿಂತಾಗ ಪೆಟ್ಟಿಗೆ ತಣ್ಣಗಿರುತ್ತಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಸ್ಕ್ರೂ ತಿರುಗಿಸಿದರೆ ಒಂದು ನಿಮಿಷದ ಕೆಲಸ, ಅದೂ ಅವರಿಗೆ ಗೊತ್ತಿತ್ತು. ಆದರೆ ಅದರ ಮೇಲೆ ನನ್ನ ಚುಕ್ಕೆ ಇತ್ತು. ಚುಕ್ಕೆ ಒಡೆಯಬಾರದೆಂದು ತಮ್ಮ ಚಪ್ಪಲಿ ಕೊಯ್ದಿದ್ದರು. ನಾನು ಅವರ ಬಾಯಿ ಮುಚ್ಚಿಸಿದ್ದೆ.

ಸಂಜೆ ಮನೆಗೆ ಬಂದು ಸುಜಾತಾಳಿಗೆ ಎಲ್ಲ ಹೇಳಿದೆ. ಬರೆದದ್ದರಲ್ಲಿ ಸುಳ್ಳೇನಿಲ್ಲವಲ್ಲ ಎಂದೂ ಸೇರಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಚುಕ್ಕೆ ಇಟ್ಟವರು ಉತ್ತರ ಕೊಡ್ಬೇಕು ಅಂತ ನೀವೇ ಅಲ್ವೇನ್ರೀ ಹೇಳ್ತಿದ್ದಿದ್ದು? ಅದು ನನ್ನ ಬಣ್ಣ. ಅವರು ಯಾಕೆ ಗೇಟಲ್ಲಿ ಕೂತಿದಾರೆ?"

ಮಗಳು ಪಕ್ಕದಲ್ಲೇ ಓದುತ್ತಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ಮಲಯಾಳಂನಲ್ಲಿ ಉತ್ತರಿಸುವವಳು. ಅಂದು ಓದುತ್ತಿದ್ದ ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು.

ಮರುದಿನ ಇನ್ನೊಂದು ಕಾಗದ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಗಾಡಿಯ ಡಯಾಫ್ರಮ್ ಹರಿದಿದ್ದನ್ನು ನಾನು ನೋಡಲಿಲ್ಲ, ಚಾಲಕರನ್ನು ವಿಚಾರಿಸಲಿಲ್ಲ, ಲಸಿಕೆ ಕೆಟ್ಟದ್ದು ನನ್ನ ತಪಾಸಣೆಯ ದೋಷದಿಂದ ಎಂದು ಬರೆದಿದ್ದೆ. ಸಾಹೇಬರು ಎರಡು ಸಲ ಓದಿದರು. ಇದು ಮುಗಿದ ಫೈಲು, ಮೂರ್ತಿ, ನೀವು ಯಾಕೆ ಸುಮ್ಮನೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ನನಗೊಂದು ಮೆಮೊ ಬಂತು, ಸುಕುಮಾರನ್‌ಗೆ ಗಾಡಿಯ ಕೀಲಿ ಸಿಕ್ಕಿತು. ಡಯಾಫ್ರಮ್ ಹೊಸದು ಹಾಕಿದೆ. ಅವರು ಬಂದು ಗಾಡಿ ತೆಗೆದುಕೊಂಡು ಹೋದರು. ನಾನು ಆಗ ಇನ್ನೊಂದು ಜೀಪಿನ ಕೆಳಗೆ ಮಲಗಿದ್ದೆ. ಬೇಕೆಂದೇ ಮಲಗಿದ್ದೆ. ಕಾಗದದಲ್ಲಿ ತಪ್ಪೊಪ್ಪಿಕೊಳ್ಳಲು ಎಂಟು ತಿಂಗಳು ಹಿಡಿದವನಿಗೆ ಮುಖ ನೋಡಿ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಆಮೇಲೆ ಅವರು ತಿರುವನಂತಪುರಕ್ಕೆ ವರ್ಗವಾಗಿ ಹೋದರು, ನಿವೃತ್ತರಾದರು.

ಕೆಲಸದ ರೀತಿಯೂ ಬದಲಾಯಿತು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಐಡಲ್ ಸ್ಕ್ರೂ ಮಾಯವಾಯಿತು, ಚುಕ್ಕೆಯೂ ಹೋಯಿತು. ಸ್ಕ್ಯಾನರ್ ಸಿಕ್ಕಿಸಿದರೆ ತಪ್ಪು ಎಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ. ನಾನೂ ಕಲಿತೆ, ಒಳ್ಳೆಯ ಸಾಧನ, ಹಳೆಯದೇ ಚಿನ್ನ ಎಂದು ಗೊಣಗುವ ಮುದುಕ ನಾನಲ್ಲ. ಆದರೆ ಕಳಮಶ್ಶೇರಿಯಲ್ಲಿ ನನ್ನ ಕೊನೆಯ ಏಳೆಂಟು ವರ್ಷ, ಆ ಹಳದಿ ಗೆರೆಯ ಮೇಲೆ ಒಂದು ಬೆಂಚು ಹಾಕಿಸಿ, ಸ್ಕ್ಯಾನರ್ ಸಿಕ್ಕಿಸುವ ಮೊದಲು ಡ್ರೈವರನ್ನು ಕೂರಿಸಿ ಕಟ್ಟನ್ ಚಾಯ ಕೊಡುತ್ತಿದ್ದೆ. ಅದಕ್ಕೆ ಕಾರಣ ಏನೆಂದು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಫೋನು ಬಂತು. ಸುಕುಮಾರನ್. ಹರಾಜಿಗೆ ಬಂದ ಆ ಪಿಕಪ್ಪನ್ನು ಅವರೇ ಕೊಂಡಿದ್ದರಂತೆ. ಓಡಿಸಿದ ಗಾಡಿಯನ್ನು ಡ್ರೈವರೇ ಹರಾಜಿನಲ್ಲಿ ಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಸೊಸೆ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡುತ್ತಾಳೆ, ಇವರು ಅದನ್ನು ತಂಪಾನೂರಿನ ಅಂಗಡಿ, ಲಾಡ್ಜುಗಳಿಗೆ ಹಾಕುತ್ತಾರೆ. ಲಸಿಕೆಯ ಪೆಟ್ಟಿಗೆಯಲ್ಲಿ ಈಗ ದೋಸೆ ಹಿಟ್ಟು. ಎರಡು ವಾರದಿಂದ ನಿಂತಲ್ಲೇ ಇಂಜಿನ್ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ, ಎರಡು ಕಡೆ ತೋರಿಸಿದೆ, ಸ್ಕ್ಯಾನರ್ ಸಿಕ್ಕಿಸಲು ಇದರಲ್ಲಿ ಜಾಗವೇ ಇಲ್ಲ ಎಂದು ವಾಪಸ್ ಕಳಿಸಿದರು ಎಂದರು. ಸಾರ್‌ಗೆ ತೊಂದರೆ ಇಲ್ಲದಿದ್ದರೆ ಎಂದು ರಾಗ ಎಳೆದರು. ಮರುದಿನ ಬೆಳಗಿನ ರೈಲು ಹತ್ತಿದೆ.

ತಂಪಾನೂರು ಸ್ಟೇಷನ್ನಿನ ಹೊರಗೆ ಬಿಳಿ ಪಂಚೆ ಉಟ್ಟು ನಿಂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನಾನು ಮೊದಲ ನೌಕರಿಯಲ್ಲಿ ಉಳಿದಿದ್ದ ಲಾಡ್ಜಿನ ಹಿಂದಿನ ಗಲ್ಲಿಯಲ್ಲೇ ಗಾಡಿ ನಿಂತಿತ್ತು. ಲಾಡ್ಜಿನ ಹೆಸರು ಬದಲಾಗಿದೆ, ಮೆಟ್ಟಿಲು ಅದೇ. ಒಂದು ಕ್ಷಣ ಆಶಾನ್ ಚಹಾದ ಗ್ಲಾಸು ಹಿಡಿದು ಬಂದೇಬಿಡುತ್ತಾರೆ ಎನ್ನಿಸಿ ಕಣ್ಣು ತುಂಬಿತು.

ಬಾನೆಟ್ ತೆಗೆಯುವ ಮೊದಲು ಸುಕುಮಾರನ್ ಅವರನ್ನು ಗಾಡಿಯ ಮೆಟ್ಟಿಲ ಮೇಲೆ ಕೂರಿಸಿ ಕೇಳಿದೆ. ಯಾವಾಗ ಶುರುವಾಯಿತು, ತಣ್ಣಗಿದ್ದಾಗಲೋ ಕಾದ ಮೇಲೋ, ಪೆಡಲ್ ಹೇಗಿದೆ, ಬ್ರೇಕ್ ಹೇಗಿದೆ. ಬ್ರೇಕ್ ಎಂದಾಗ ಅವರು, ಈಚೆಗೆ ಕಲ್ಲಿನ ಹಾಗಾಗಿದೆ, ವಯಸ್ಸಾಯಿತಲ್ಲ, ಕಾಲಲ್ಲಿ ಬಲವಿಲ್ಲ ಎಂದುಕೊಂಡಿದ್ದೆ ಎಂದರು. ನನಗೆ ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಬ್ರೇಕ್ ಹಗುರಾಗಿಸುವ ಬೂಸ್ಟರಿಗೆ ಇಂಜಿನ್ನಿನಿಂದ ಒಂದು ದಪ್ಪ ಪೈಪು ಹೋಗುತ್ತದೆ. ಅದು ಬಿರುಕುಬಿಟ್ಟರೆ ಇಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆದುಕೊಂಡು ಜೋರಾಗುತ್ತದೆ, ಬ್ರೇಕು ಗಟ್ಟಿಯಾಗುತ್ತದೆ. ಸ್ಟಾರ್ಟ್ ಮಾಡಿಸಿ ಆ ಪೈಪನ್ನು ಬೆರಳಲ್ಲಿ ಬಿಗಿಯಾಗಿ ಹಿಸುಕಿದೆ. ಇಂಜಿನ್ ತಟ್ಟನೆ ಇಳಿಯಿತು. ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಉದ್ದಕ್ಕೆ ಸೀಳಿತ್ತು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಇನ್ನೂ ಒಂದು ತಿಂಗಳು ಹಾಗೇ ಓಡಿಸಿದ್ದರೆ ಏನಾಗುತ್ತಿತ್ತೋ. ಬಿಡಿಭಾಗದ ಅಂಗಡಿಯಿಂದ ಹೊಸ ಪೈಪು ತಂದು ಹಾಕಿದೆ.

ಹುಚ್ಚು ಬಿಟ್ಟಿತು. ಆದರೂ ಸ್ಲೋ ಇರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. ಕನ್ನಡಕ ಏರಿಸಿಕೊಂಡು ಬಗ್ಗಿದೆ. ಸ್ಕ್ರೂವಿನ ಮೇಲೆ, ಇಷ್ಟು ವರ್ಷದ ಜಿಡ್ಡಿನ ಅಡಿಯಲ್ಲಿ, ಕುಂಕುಮ ಚುಕ್ಕೆ. ಬೆರಳಿಂದ ಒರೆಸಿದೆ. ಒಡೆದಿರಲಿಲ್ಲ. ಸ್ಕ್ರೂವಿನ ತುದಿಗೂ ಲಿವರಿಗೂ ನಡುವೆ ಚಪ್ಪಲಿಯ ರಬ್ಬರಿನ ತೆಳು ಚೂರು.

ಕೈ ತಾನಾಗಿ ಅದರ ಕಡೆ ಹೋಯಿತು. ಅಲ್ಲೇ ತಡೆದೆ. ಇಂಜಿನ್ ನಿಲ್ಲಿಸಲು ಹೇಳಿ, ಕೈ ಒರೆಸಿಕೊಂಡು ಅವರ ಪಕ್ಕದಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ಅವರ ಹೆಸರಿಗೆ ಚೇಟ್ಟಾ ಸೇರಿಸಿ ಕರೆದೆ.

"ಸುಕುಮಾರೇಟ್ಟಾ, ಆ ರಬ್ಬರ್ ಯಾಕೆ ಇಟ್ಟಿದೀರಿ?"

ನಮ್ಮ ಮಾತು ನಡೆದಿದ್ದು ಮಲಯಾಳಂನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಗಲ್ಲಿಯ ಕೊನೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಾ ಅವರು ಒಂದೊಂದಾಗಿ ಹೇಳಿದರು. ಒಂದೊಂದು ಅಂಗಡಿಯ ಮುಂದೆಯೂ ಹತ್ತು ನಿಮಿಷ ನಿಲ್ಲಬೇಕು. ನಿಂತಾಗ ಪೆಟ್ಟಿಗೆ ಬೆಚ್ಚಗಾದರೆ ಹಿಟ್ಟು ಹುಳಿಯೆದ್ದು ಪ್ಯಾಕೆಟ್ ಬಲೂನಿನ ಹಾಗೆ ಊದುತ್ತದೆ, ಅಂಗಡಿಯವರು ವಾಪಸ್ ಕೊಡುತ್ತಾರೆ, ಸೊಸೆ ಬೆಳಗಿನಿಂದ ಪಟ್ಟ ಶ್ರಮ ಹಾಳಾಗುತ್ತದೆ. ನೀವು ಹಾಕಿಕೊಟ್ಟ ಡಯಾಫ್ರಮ್ ಕೂಡ ಹರಿಯಿತು, ಈ ಗಾಡಿಗೆ ಅದು ಈಗ ಎಲ್ಲೂ ಸಿಗುವುದಿಲ್ಲ. ಅವರು ಇಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಯಾಕೆಂದರೆ ಅವರನ್ನು ನಾನು ಎಂದೂ ಏನೂ ಕೇಳಿಯೇ ಇರಲಿಲ್ಲ.

ಗಾಡಿ ನಿಮ್ಮದೇ ಆದ ಮೇಲೂ ಸ್ಕ್ರೂ ಯಾಕೆ ತಿರುಗಿಸಲಿಲ್ಲ ಎಂದೆ. ಅದರ ಮೇಲೆ ಸಾರ್ ಇಟ್ಟ ಚುಕ್ಕೆ ಇದೆಯಲ್ಲ ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ.

"ಅವತ್ತು ನೀವು ಹೇಳೋಕೆ ಬಂದ್ರಿ. ನಾನು ಬಿಡಲಿಲ್ಲ. ನಿಮ್ಮನ್ನ ಗೇಟಲ್ಲಿ ಕೂರಿಸಿದ್ದು ನಾನು. ತಪ್ಪಾಯ್ತು, ಸುಕುಮಾರೇಟ್ಟಾ."

ಅವರು ಕಾಲಿನ ಹವಾಯಿ ಚಪ್ಪಲಿ ಕಳಚಿ ಅದರ ಹಿಮ್ಮಡಿಯನ್ನು ನನಗೆ ತೋರಿಸಿದರು. ಅಂಚಿನಲ್ಲಿ ನೀಟಾಗಿ ಕೊಯ್ದ ಗುರುತಿತ್ತು. "ಗೇಟಿನ ವಿಷಯ ಬಿಡಿ ಸಾರೇ. ಅವತ್ತು ಕೊಯ್ದಿದ್ದು ಹೊಸ ಚಪ್ಪಲಿ. ಹೆಂಡ್ತಿ ಹತ್ರ ಬೈಸ್ಕೊಂಡು ಕೊಯ್ದಿದ್ದನ್ನ ನೀವು ಕಸಕ್ಕೆ ಎಸೆದ್ರಿ. ಸಿಟ್ಟು ಬಂದಿದ್ದು ಅದಕ್ಕೆ." ಹೇಳಿ ನಕ್ಕರು. ನನಗೂ ನಗು ಬಂತು.

ಆ ರಬ್ಬರು ಕಾವಿಗೆ ಕರಗಿ ಯಾವಾಗ ಬೇಕಾದರೂ ಜಾರಬಹುದು, ಜಾರಿ ಲಿವರಿಗೆ ಸಿಕ್ಕಿಕೊಂಡರೆ ಅಪಾಯ, ಅದರ ಬದಲು ಸ್ಕ್ರೂವನ್ನೇ ಅಷ್ಟು ಏರಿಸೋಣವೇ ಎಂದು ಕೇಳಿದೆ. ಯೋಚಿಸಿ ಆಗಲಿ ಎಂದರು. ಅವರೇ ಚೂರನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಕೂಲರ್ ಆನ್ ಮಾಡಿಸಿ, ಸ್ಕ್ರೂ ಡ್ರೈವರನ್ನು ಅವರ ಕೈಗೇ ಕೊಟ್ಟೆ. ನಿಮಗೆ ಬೇಕಾದಷ್ಟು ತಿರುಗಿಸಿ ಎಂದೆ. ಕುಂಕುಮ ಚುಕ್ಕೆ ಚಿಟ್ಟೆಂದು ಒಡೆಯಿತು. ಅವರು ತಲೆ ಓರೆ ಮಾಡಿ ಕೇಳುತ್ತಾ, ಕಾಲು ತಿರುವು ಒಳಗೆ, ಒಂದು ಕೂದಲೆಳೆ ಹೊರಗೆ, ಹೀಗೆ ತಿರುಗಿಸಿ ಒಂದು ಕಡೆ ನಿಲ್ಲಿಸಿದರು. ನಾನು ನನ್ನ ಚಹಾದ ಗ್ಲಾಸನ್ನು ಏರ್ ಕ್ಲೀನರ್ ಮೇಲಿಟ್ಟೆ. ಅಲೆ ಸ್ವಲ್ಪ ಎದ್ದಿತು, ತುಳುಕಲಿಲ್ಲ. ದೋಸೆ ಹಿಟ್ಟಿಗೆ ಅಷ್ಟು ಬೇಕು.

ಅವರ ಮನೆ ಅಲ್ಲೇ ಹತ್ತಿರ. ಊಟಕ್ಕೆ ಕರೆಯಲು ಬಂದ ಸೊಸೆಯ ಹತ್ತಿರ ಉಗುರು ಬಣ್ಣ ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೇರಳೆ ಬಣ್ಣದ ಒಂದು ಶೀಶೆ ತಂದುಕೊಟ್ಟಳು. ಸುಕುಮಾರೇಟ್ಟನ್ ಅದನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಅವರೇ ಬಗ್ಗಿ, ಉಸಿರು ಬಿಗಿಹಿಡಿದು ಚುಕ್ಕೆ ಇಟ್ಟರು. ಅದು ಸ್ವಲ್ಪ ದೊಡ್ಡದೇ ಆಯಿತು.

ಚುಕ್ಕೆ ಇಟ್ಟವರು ಇನ್ನು ಉತ್ತರ ಕೊಡಬೇಕು, ನೆನಪಿರಲಿ ಎಂದೆ.

ಅವರು ಶೀಶೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ಕೇಳಿದ್ರೆ ಕೊಡ್ತೀನಿ ಸಾರೇ."